ಹೆಜ್ಜಾರ್ಲೆ ಬಂತು, ಹುಣಸೆ ಹೋಯ್ತು
ಕೊಕ್ಕರೆ ಬೆಳ್ಳೂರಿನ ಮರದ ಯಜಮಾನರ ಲೆಕ್ಕ ಯಾರ ಖಾತೆಗೆ?

ಆತಗೂರು: ಸುಗ್ಗಿ ಮುಗಿದು, ರಾಗಿ ಮನೆ ಸೇರಿ, ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತೆಂದರೆ ಈ ಹೋಬಳಿಯ ಅಂಗಡಿ ಜಗುಲಿಗಳ ಮೇಲೆ ಒಂದು ಮಾತು ತಪ್ಪದೆ ಏಳುತ್ತದೆ. ‘ಈ ಸಲ ಕಾಡ್ ನೋಡಕ್ ಹೋಗದಾ?’ ಬಂಡೀಪುರವೋ ನಾಗರಹೊಳೆಯೋ ಎಂದು ಅರ್ಧ ಗಂಟೆ ಚರ್ಚೆ. ವ್ಯಾನಿಗೆ ಬಾಡಿಗೆ ಎಷ್ಟು, ತಲೆಗೆ ಎಷ್ಟು ಬೀಳುತ್ತದೆ ಎಂದು ಇನ್ನರ್ಧ ಗಂಟೆ. ಕೊನೆಗೆ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು, ಮಕ್ಕಳನ್ನು ನಿದ್ದೆಗಣ್ಣಲ್ಲೇ ಎತ್ತಿಕೊಂಡು, ಕೋಳಿ ಕೂಗುವ ಮುಂಚೆ ಪಯಣ.

ಹೋಗಿ ಬಂದವರ ವರದಿಯೂ ಹೆಚ್ಚುಕಡಿಮೆ ಒಂದೇ. ‘ಹುಲಿ ಕಾಣ್ಲಿಲ್ಲ ಕಣಪ್ಪ. ಜಿಂಕೆ ಕಂಡೊ. ನವಿಲು ಕಂಡೊ. ಆನೆ ಬೆನ್ನು ಒಂಚೂರು ಕಂಡಂಗಾಯ್ತು.’

ನವಿಲು ನೋಡಲು 130 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಾಗಿತ್ತೆ ಎಂದು ಮನೆಯ ಅಜ್ಜಿ ಕೇಳಿದರೆ ಉತ್ತರವಿಲ್ಲ. ಬಿತ್ತಿದ ಹೊಲದಲ್ಲಿ ನವಿಲು ಓಡಿಸಿ ಓಡಿಸಿ ಮಂಡ್ಯದ ರೈತರಿಗೆ ಸಾಕಾಗಿದೆ. ಇನ್ನು ಆನೆಯ ಮಾತೋ? ಮುತ್ತತ್ತಿ ಕಡೆಯ ಕಾಡಿನಿಂದ ಶಿಂಷಾ ಹೊಳೆಯ ಜಾಡು ಹಿಡಿದು ಅವು ತಾವಾಗಿಯೇ ಕಬ್ಬಿನ ಗದ್ದೆಗೆ ಬಂದು, ಟಿಕೆಟ್ಟಿಲ್ಲದೆ ದರ್ಶನ ಕೊಟ್ಟು ಹೋದದ್ದು ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಗೊತ್ತಿರುವ ಸಂಗತಿ.

ಕಾಡು ನೋಡುವುದು ತಪ್ಪಲ್ಲ. ಬಂಡೀಪುರ ಸಾಮಾನ್ಯ ಸ್ಥಳವಲ್ಲ. ಮೈಸೂರು ಮಹಾರಾಜರ ಕಾಲದಲ್ಲಿ, 1931ರಲ್ಲಿ, ವನ್ಯಜೀವಿ ಧಾಮವಾಗಿ ಆರಂಭವಾದದ್ದು 1973ರಲ್ಲಿ ಹುಲಿ ಯೋಜನೆಗೆ ಸೇರಿ, ಇಂದು 870 ಚದರ ಕಿಲೋಮೀಟರಿಗೂ ಮಿಕ್ಕಿ ಹಬ್ಬಿದೆ. ಆದರೆ ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಇಲ್ಲಿಯವರನ್ನು ನೋಡಿಯೇ ಹುಟ್ಟಿತೋ ಏನೋ. ದೇಶ ವಿದೇಶದ ಪಕ್ಷಿಪ್ರಿಯರು ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಹುಡುಕಿ ಬರುವ ಒಂದು ಊರು ಇದೇ ಮದ್ದೂರು ತಾಲ್ಲೂಕಿನಲ್ಲಿದೆ. ಅಲ್ಲಿ ಕಾಡಿಲ್ಲ. ಜೀಪಿಲ್ಲ. ಹಕ್ಕಿಗಳು ಮನೆ ಹಿತ್ತಲ ಹುಣಸೆ ಮರದಲ್ಲೇ ಕುಳಿತಿರುತ್ತವೆ. ಆ ಊರೇ ಕೊಕ್ಕರೆ ಬೆಳ್ಳೂರು.

ಹೋಗುವ ದಾರಿ

ಮೊದಲಿಗೆ ಒಂದು ಎಚ್ಚರಿಕೆ. ಬೆಳ್ಳೂರು ಎಂದೊಡನೆ ನಾಗಮಂಗಲದ ಕಡೆಯ ಬೆಳ್ಳೂರು ಕ್ರಾಸಿಗೆ ಬಸ್ಸು ಹತ್ತಿಬಿಟ್ಟರೆ ಕೊಕ್ಕರೆ ಸಿಕ್ಕುವುದಿಲ್ಲ. ಇದು ಶಿಂಷಾ ಹೊಳೆಯ ಹತ್ತಿರದ ಬೆಳ್ಳೂರು. ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿ ಸುಮಾರು 12 ಕಿಲೋಮೀಟರ್ ಒಳಗೆ ಹೋಗಬೇಕು. ಆತಗೂರಿನ ಕಡೆಯವರು ಮದ್ದೂರಿಗೆ ಬಂದು ವಿಚಾರಿಸಿ ಹೊರಟರೆ ಸಾಕು. ಬಸ್ಸಿನವರು ಹಿಂದಿರುಗುವ ಬಸ್ಸಿನ ವೇಳೆಯನ್ನೂ ಕೇಳಿಕೊಂಡೇ ಹೊರಡುವುದು ಜಾಣತನ. 2023ರ ಜೂನ್ ತಿಂಗಳಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲ.

ಬೈಕಿನವರಿಗೆ ಇನ್ನೊಂದು ಮಾತು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯ ನಡುರಸ್ತೆಗೆ ಅದೇ ವರ್ಷ ಆಗಸ್ಟ್ 1ರಿಂದ ದ್ವಿಚಕ್ರ, ಆಟೋಗಳಿಗೆ ಪ್ರವೇಶ ನಿಷೇಧಿಸಲಾಯಿತು. ಪಕ್ಕದ ಸರ್ವಿಸ್ ರಸ್ತೆಯೇ ಗತಿ. ನಡುರಸ್ತೆಯಲ್ಲಿ ಕಾರು ಓಡಿಸುವವರೋ, ಬೆಳ್ಳೂರಿನ ತಿರುವು ಹಿಂದೆ ಬಿದ್ದದ್ದು ತಿಳಿಯುವುದರೊಳಗೆ ಮಂಡ್ಯ ಮುಟ್ಟಿರುತ್ತಾರೆ. ಹಳೆಯ ರಸ್ತೆ ಹಿಡಿದವನಿಗೇ ಹಕ್ಕಿ.

ಹಿತ್ತಲಲ್ಲಿ ಬಾಣಂತನ

ಊರು ಹೊಕ್ಕ ಕೂಡಲೆ ಮೊದಲು ಕಾಣುವುದು ಹಕ್ಕಿಯಲ್ಲ, ಮೂಗಿಗೆ ಬಡಿಯುವ ವಾಸನೆ. ಮೀನು, ಹಿಕ್ಕೆ, ಹಸಿ ಸೊಪ್ಪು ಸೇರಿದ ಘಾಟು. ತಲೆ ಎತ್ತಿದರೆ ಮರದ ಎಲೆಯೇ ಕಾಣದಷ್ಟು ಬಿಳಿ, ಬೂದು ಬಣ್ಣದ ರಾಶಿ. ಕೆಳಗೆ ಹೆಂಗಸರು ಪಾತ್ರೆ ಬೆಳಗುತ್ತಿರುತ್ತಾರೆ, ದನ ಮೆಲುಕು ಹಾಕುತ್ತಿರುತ್ತದೆ, ಮಕ್ಕಳು ಗೋಲಿ ಆಡುತ್ತಿರುತ್ತಾರೆ. ಮೇಲೆ ಹಕ್ಕಿಗಳ ಸಂಸಾರ. ಒಬ್ಬರಿಗೊಬ್ಬರು ಕ್ಯಾರೇ ಎನ್ನುವುದಿಲ್ಲ.

ದಪ್ಪ ದೇಹದ, ಬೂದು ಬಣ್ಣದ, ಉದ್ದ ಕೊಕ್ಕಿನ ಕೆಳಗೆ ಚೀಲ ಕಟ್ಟಿಕೊಂಡಂತಿರುವ ಹಕ್ಕಿಯೇ ಹೆಜ್ಜಾರ್ಲೆ. ಮೇಲ್ಕೊಕ್ಕಿನ ಅಂಚಿನಲ್ಲಿ ಸಾಲಾಗಿ ಚುಕ್ಕೆ. ತೂಕ ನಾಲ್ಕೈದು ಕಿಲೋ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎಂಟು ಅಡಿಯ ಆಸುಪಾಸು. ಇಷ್ಟು ಭಾರದ ಹಕ್ಕಿ ಮರದ ಸಣ್ಣ ಕೊಂಬೆಯ ಮೇಲೆ ಇಳಿಯುವುದನ್ನು ನೋಡುವುದೇ ಒಂದು ತಮಾಷೆ. ಕೊಂಬೆ ಜಗ್ಗುತ್ತದೆ, ಹಕ್ಕಿ ತೂಗುತ್ತದೆ, ನೆರೆಯ ಗೂಡಿನವರೆಲ್ಲ ಜಗಳ ತೆಗೆಯುತ್ತಾರೆ.

ಇನ್ನೊಂದು ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಕಿತ್ತಳೆ ಕೆಂಪಿನ ಬೋಳು ಮುಖ, ಬೆನ್ನ ತುದಿಯಲ್ಲಿ ಗುಲಾಬಿ ಕುಂಚ. ಹೆಣ್ಣು ನೋಡಲು ಹೊರಟ ಗಂಡಿನಂತೆ ಅಲಂಕಾರ. ದೊಡ್ಡದಾದ ಮೇಲೆ ಇದಕ್ಕೆ ಕೂಗು ಇಲ್ಲವೆಂದೇ ಹೇಳಬೇಕು. ಗೂಡಿನ ಹತ್ತಿರ ಕೊಕ್ಕು ಕಟಕಟ ಬಡಿಯುವುದೇ ಮಾತು. ಇದು ಮೀನು ಹಿಡಿಯುವ ರೀತಿಯೂ ವಿಚಿತ್ರ. ಕಣ್ಣಿಂದ ಹುಡುಕುವುದಿಲ್ಲ. ತೆಳ್ಳನೆಯ ನೀರಿನಲ್ಲಿ ಕೊಕ್ಕನ್ನು ಅರ್ಧ ತೆರೆದು ಅದ್ದಿ, ಕಾಲಿನಿಂದ ಕೆಸರು ಕದಡುತ್ತಾ ನಡೆಯುತ್ತದೆ. ಮೀನು ತಾಗಿತೋ, ಕೊಕ್ಕು ಪಟ್ಟನೆ ಮುಚ್ಚಿಕೊಳ್ಳುತ್ತದೆ.

ಮಳೆಗಾಲ ಹಿಂದಾಗುವ ಹೊತ್ತಿಗೆ ಹೆಜ್ಜಾರ್ಲೆಗಳು ಬರತೊಡಗುತ್ತವೆ. ಹೊಸ ವರ್ಷದ ಹೊತ್ತಿಗೆ ಬಣ್ಣದ ಕೊಕ್ಕರೆಗಳೂ ಸೇರಿಕೊಳ್ಳುತ್ತವೆ. ಹುಣಸೆ, ಅರಳಿ, ಬಸರಿ, ಅತ್ತಿ, ಜಾಲಿ, ಹೀಗೆ ಯಾವ ಮರ ಒಗ್ಗಿತೋ ಅದರ ತುಂಬ ಕಡ್ಡಿಯ ಗೂಡು. ಮೊಟ್ಟೆ, ಮರಿ, ಮರಿಯ ರೆಕ್ಕೆ ಬಲಿಯುವುದು ಎಲ್ಲ ಮುಗಿದು ಮುಂಗಾರು ಶುರುವಾಗುವ ಹೊತ್ತಿಗೆ ಊರು ಖಾಲಿ. ನೋಡಲು ಹೋಗುವವರಿಗೆ ಜನವರಿಯಿಂದ ಮಾರ್ಚಿಯವರೆಗೆ ಸರಿಯಾದ ಕಾಲ. ಬೆಳಿಗ್ಗೆ ಬಿಸಿಲು ಏರುತ್ತಿದ್ದಂತೆ ಹೆಜ್ಜಾರ್ಲೆಗಳು ಕಾದ ಗಾಳಿಯ ಮೇಲೆ ರೆಕ್ಕೆ ಆಡಿಸದೆ ಸುತ್ತು ಸುತ್ತು ಮೇಲೇರಿ ಕೆರೆಗಳ ದಿಕ್ಕಿಗೆ ತಿರುಗುವ ನೋಟವೊಂದೇ ಬಸ್ ಚಾರ್ಜಿಗೆ ಸಾಲುತ್ತದೆ.

‘ತವರಿಗೆ ಬಾಣಂತನಕ್ಕೆ ಬಂದ ಹೆಣ್ಮಕ್ಳು’ ಎಂದು ಊರಿನವರು ಈ ಹಕ್ಕಿಗಳನ್ನು ಕರೆಯುವುದುಂಟು. ಬಂದ ವರ್ಷ ಮಳೆ ಬೆಳೆ ಚೆನ್ನ, ಬರದಿದ್ದ ವರ್ಷ ಕೇಡು ಎಂಬ ನಂಬಿಕೆ ಬೇರೆ. ಮಗಳು ಬಾಣಂತನಕ್ಕೆ ಬಂದಾಗ ತವರಿಗೆ ಸಂತೋಷ ಎಷ್ಟೋ ಖರ್ಚೂ ಅಷ್ಟೇ ಎಂಬುದು ಹೆಣ್ಣು ಹೆತ್ತವರಿಗೆ ಗೊತ್ತಿಲ್ಲದ್ದಲ್ಲ. ಆ ಖರ್ಚಿನ ಮಾತು ಮುಂದೆ ಬರಲಿದೆ.

ಊರು ಹೋದಲ್ಲಿಗೆ ಹಕ್ಕಿ

ಬೆಳ್ಳೂರು ಮೊದಲು ಈಗಿನ ಜಾಗದಲ್ಲಿರಲಿಲ್ಲ, ಹೊಳೆಯ ದಂಡೆಗೇ ಇತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪ್ಲೇಗು ಬಂದಾಗ ಜನ ಊರು ಬಿಟ್ಟು ಈಚೆಗೆ ಬಂದು ನೆಲೆಸಿದರು. ಹಿಂದೆಯೇ ಹಕ್ಕಿಗಳೂ ಬಂದವು. ಹಿರಿಯರ ಬಾಯಿಂದ ಬಾಯಿಗೆ ಬಂದ ಕಥೆ ಇದು. ಹಕ್ಕಿಗೆ ಬೇಕಾದದ್ದು ಮರ ಮಾತ್ರವಲ್ಲ, ಜನರಿರುವ ಮರ ಎಂಬುದು ಇದರ ತಾತ್ಪರ್ಯ. ಜನ ಇರುವ ಕಡೆ ಹದ್ದು, ಕಾಡುಬೆಕ್ಕುಗಳ ಕಾಟ ಕಡಿಮೆ. ಗೂಡಿಗೆ ಕಲ್ಲು ಹೊಡೆಯದ ಜನ ಆಗಿರಬೇಕು, ಅಷ್ಟೆ.

ದಕ್ಷಿಣ ದೇಶದ ಹಳ್ಳಿಯೊಂದರ ನಡುವಿನ ಮರಗಳ ಮೇಲೆ ಹೆಜ್ಜಾರ್ಲೆ ಗೂಡು ಕಟ್ಟಿದ್ದನ್ನು ಇಂಗ್ಲಿಷ್ ಪಕ್ಷಿತಜ್ಞ ಜೆರ್ಡನ್ ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಆದರೆ ಬೆಳ್ಳೂರು ಹೊರಜಗತ್ತಿನ ಕಣ್ಣಿಗೆ ಬಿದ್ದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರಿಂದ. 1980ರ ದಶಕದಲ್ಲಿ ಬೆಂಗಳೂರಿನ ಬೀದಿ ಬೀದಿಗೆ ಲಕ್ಷಗಟ್ಟಲೆ ಸಸಿ ನೆಡಿಸಿದ ಅಧಿಕಾರಿಯೂ ಇವರೇ. ಇಲ್ಲಿನ ಹೆಜ್ಜಾರ್ಲೆ ನೆಲೆಯ ಬಗ್ಗೆ ಇವರು ಬರೆದ ಮೇಲೆ ಪಕ್ಷಿಶಾಸ್ತ್ರದವರ ಭೂಪಟದಲ್ಲಿ ಬೆಳ್ಳೂರಿಗೆ ಒಂದು ಚುಕ್ಕೆ ಬಿತ್ತು. ಹಕ್ಕಿ ಕೂರುವ ಮರಗಳ ಯಜಮಾನರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಪದ್ಧತಿಯೂ ಬಂತು.

1994ರ ಹೊತ್ತಿಗೆ ಮೈಸೂರು ಅಮೆಚ್ಯೂರ್ ನ್ಯಾಚುರಲಿಸ್ಟ್ಸ್ ಎಂಬ ಸಂಘದ ಕೆ. ಮನು ಮತ್ತು ಸಂಗಡಿಗರು ಊರಿನಲ್ಲಿ ಕೆಲಸ ಆರಂಭಿಸಿದರು. ಊರಿನ ಯುವಕರೇ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಯನ್ನು ಅದರ ತಾಯಿ ತಂದೆ ಕೆಳಗಿಳಿದು ಬಂದು ಸಾಕುವುದಿಲ್ಲ. ಅಂಥ ಅನಾಥ ಮರಿಗಳನ್ನು ಆಯ್ದು, ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸ ಈ ಬಳಗದ್ದು. ಮರಿಗೆ ಬೆಳಿಗ್ಗೆ ಸಂಜೆ ಮೀನು ಹೊಂದಿಸುವುದು ಭಾಷಣ ಮಾಡಿದಷ್ಟು ಸುಲಭವಲ್ಲ.

2007ರಲ್ಲಿ ಸರ್ಕಾರ ಸುಮಾರು ಮೂರು ಚದರ ಕಿಲೋಮೀಟರ್ ಪ್ರದೇಶವನ್ನು ‘ಸಮುದಾಯ ಮೀಸಲು ಪ್ರದೇಶ’ ಎಂದು ಘೋಷಿಸಿತು. ಇದು ರಾಷ್ಟ್ರೀಯ ಉದ್ಯಾನದಂತಲ್ಲ. ಯಾರನ್ನೂ ಒಕ್ಕಲೆಬ್ಬಿಸುವುದಿಲ್ಲ, ಜಮೀನು ಜಮೀನುದಾರನದೇ. ಕಾನೂನಿನ ಪ್ರಕಾರ ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯ್ತಿ ಸೂಚಿಸುವ ಕನಿಷ್ಠ ಐವರು ಇರಬೇಕು, ಇಲಾಖೆಯವರು ಒಬ್ಬರು. ಓದಲು ಬಹಳ ಚೆನ್ನಾಗಿದೆ. ಆದರೆ ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ: ಘೋಷಣೆಯಾದ ಮೇಲೆ ಆ ಜಾಗದ ಬಳಕೆಯನ್ನು ಬದಲಿಸಬೇಕಾದರೆ ಸಮಿತಿಯ ನಿರ್ಣಯ ಬೇಕು, ಸರ್ಕಾರದ ಒಪ್ಪಿಗೆ ಬೇಕು. ಅಂದರೆ ಜಮೀನು ಯಜಮಾನನದೇ, ಕೈ ಮಾತ್ರ ಅರ್ಧ ಕಟ್ಟಿದೆ.

ಜಮಾ ಎಷ್ಟು, ಖರ್ಚು ಎಷ್ಟು?

ಅಂಗಡಿಯವರಿಗೆ ಅರ್ಥವಾಗುವಂತೆ ಮರದ ಯಜಮಾನನ ಲೆಕ್ಕದ ಪುಸ್ತಕವನ್ನೇ ಬಿಚ್ಚಿ ನೋಡೋಣ.

ಖರ್ಚಿನ ಕಡೆ ಮೊದಲು ಬರುವುದು ಹುಣಸೆ. ಹುಣಸೆಹಣ್ಣು ಬಲಿತು ಬಡಿಯುವ ಕಾಲ ಫೆಬ್ರವರಿಯಿಂದ ಏಪ್ರಿಲ್. ಗೂಡಿನಲ್ಲಿ ಮೊಟ್ಟೆ, ಮರಿ ಇರುವ ಕಾಲವೂ ಅದೇ. ಮರ ಹತ್ತಿ ಗಳು ಹಿಡಿದು ಬಡಿದರೆ ಗೂಡು ಉದುರುತ್ತದೆ, ಮರಿ ಬೀಳುತ್ತದೆ. ಬಡಿಯದಿದ್ದರೆ ಹಣ್ಣು ಹಕ್ಕಿಯ ಹಿಕ್ಕೆಯಲ್ಲಿ ಮಿಂದು ಮಾರಾಟಕ್ಕೆ ಬಾರದಂತಾಗುತ್ತದೆ. ‘ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ’ ಎಂಬ ಗಾದೆ ನಿಜವೇ. ಆದರೆ ಆ ಹುಳಿ ಸಂತೆಗೆ ಹೋಗದಿದ್ದರೆ ಯಜಮಾನನಿಗೆ ಏನು ಬಂತು? ಒಂದು ದೊಡ್ಡ ಹುಣಸೆ ಮರ ಎಂದರೆ ನೀರಿಲ್ಲದೆ, ಗೊಬ್ಬರವಿಲ್ಲದೆ, ಕೂಲಿಯಿಲ್ಲದೆ ಬರುವ ವರ್ಷದ ಆದಾಯ. ಬರಗಾಲದಲ್ಲೂ ಕೈಬಿಡದ ಆದಾಯ.

ಎರಡನೆಯದು ಮರದ ಬೆಲೆ. ಇಟ್ಟಿಗೆ ಗೂಡಿಗೆ, ಇದ್ದಿಲಿಗೆ ಹುಣಸೆ ಮರ ಕೇಳಿಕೊಂಡು ಬರುವವರು ಎಲ್ಲ ಊರಿಗೂ ಬರುತ್ತಾರೆ. ಮಗಳ ಮದುವೆ, ಆಸ್ಪತ್ರೆ ಖರ್ಚು ಬಂದಾಗ ಬೇರೆ ಊರಿನವನು ಮರ ಮಾರಿ ಕೈ ತೊಳೆಯುತ್ತಾನೆ. ಬೆಳ್ಳೂರಿನವನು ಹಕ್ಕಿಯ ಮುಖ ನೋಡಬೇಕು.

ಮೂರನೆಯದು ನಿವೇಶನ. ಅಣ್ಣತಮ್ಮಂದಿರ ಪಾಲಾಗಿ, ಒಬ್ಬೊಬ್ಬರಿಗೆ ಬಂದ ಹಿತ್ತಲ ತುಂಡಿನಲ್ಲಿ ಆರ್‌ಸಿಸಿ ಮನೆ ಏಳಬೇಕು. ನಡುವೆ ಮರ ನಿಂತಿದೆ. ಸೊಸೆ ಬಂದ ಮನೆಯಲ್ಲಿ ಆರು ತಿಂಗಳು ಮೀನಿನ ವಾಸನೆ, ಬಾವಿಗೆ, ಒಣಗಿ ಹಾಕಿದ ಬಟ್ಟೆಗೆ, ಕಾಳಿಗೆ ಹಿಕ್ಕೆ. ಇದಕ್ಕೆ ಬೆಲೆ ಕಟ್ಟಿದವರು ಯಾರೂ ಇಲ್ಲ.

ಇನ್ನು ಜಮಾ ಕಡೆ. ಹಿಕ್ಕೆಯೇ ಗೊಬ್ಬರ. ಮರದ ಸುತ್ತ ಗುಂಡಿ ತೋಡಿ, ಕೆರೆ ಗೋಡು ಹರಡಿ, ಬಿದ್ದ ಹಿಕ್ಕೆಯನ್ನು ಮಣ್ಣಿನ ಸಮೇತ ಹೊಲಕ್ಕೆ ಹೊಡೆಯುವ ಪದ್ಧತಿ ಹಿಂದಿನಿಂದ ಇದೆ. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಧಾರಾಳ. ಇಂದು ಚೀಲದ ಗೊಬ್ಬರದ ದರ ನೋಡಿದರೆ ಇದು ಸಣ್ಣ ಲಾಭವಲ್ಲ. ಎರಡನೆಯದು ಇಲಾಖೆಯ ಪರಿಹಾರ. ಮೂರನೆಯದು ಪುಣ್ಯ.

ಎರಡೂ ಕಡೆ ಕೂಡಿ ಕಳೆದರೆ ಹಳೆಯ ತಲೆಮಾರಿನ ಯಜಮಾನ ‘ಹೋಗ್ಲಿ ಬುಡಿ, ನಮ್ಮನೆ ಮಕ್ಳು’ ಎಂದು ಪುಸ್ತಕ ಮುಚ್ಚುತ್ತಿದ್ದ. ಹೊಸ ತಲೆಮಾರಿನವನು ಪುಸ್ತಕ ಮುಚ್ಚುವುದಿಲ್ಲ. ಅವನನ್ನು ದೂರಿ ಪ್ರಯೋಜನವೂ ಇಲ್ಲ. ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ಅವನ ಹಿತ್ತಲ ಕಡೆಗೆ ಕ್ಯಾಮರಾ ತಿರುಗಿಸಿ, ‘ವಾಹ್’ ಎಂದು, ಊರಿನ ಅಂಗಡಿಯಲ್ಲಿ ಒಂದು ಟೀ ಕೂಡ ಕುಡಿಯದೆ, ಮದ್ದೂರು ವಡೆಯ ಕಾಗದವನ್ನು ಬೇಲಿಗೆ ಸಿಕ್ಕಿಸಿ ಹೊರಟುಬಿಟ್ಟರೆ ಅವನ ಜಮಾ ಕಡೆ ಬರೆಯುವುದೇನು? ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂದಂತಾಯಿತು.

ದೊಡ್ಡ ಕಾಡುಗಳ ಅಂಚಿನ ಕಥೆಯೂ ಬೇರೆಯಲ್ಲ. ಮೈಸೂರು ಜಿಲ್ಲೆಯ ಸರಗೂರಿನ ಕಡೆ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಲು ಸರ್ಕಾರ ಆದೇಶ ಹೊರಡಿಸಬೇಕಾಯಿತು. ನೋಡುವವನ ಸಂತೋಷಕ್ಕೂ ಪಕ್ಕದಲ್ಲಿ ಬದುಕುವವನ ಕಷ್ಟಕ್ಕೂ ಲೆಕ್ಕ ತಾಳೆಯಾಗದಿದ್ದರೆ ಎಷ್ಟು ದೊಡ್ಡ ಕಾಡಾದರೂ ತಕರಾರು ತಪ್ಪಿದ್ದಲ್ಲ. ಬೆಳ್ಳೂರಿನಲ್ಲಿ ಹಕ್ಕಿ ಯಾರನ್ನೂ ಕಚ್ಚುವುದಿಲ್ಲ, ಅದಕ್ಕೇ ಅಲ್ಲಿನವರ ಕಷ್ಟ ಸುದ್ದಿಯಾಗುವುದಿಲ್ಲ.

ಅಡುಗೆಮನೆ ಕೆಟ್ಟರೆ

ಮರ ಉಳಿದರೆ ಸಾಲದು. ಹಕ್ಕಿಗೆ ಬೆಳ್ಳೂರು ಮಲಗುವ ಮನೆ; ಅಡುಗೆಮನೆ ಸುತ್ತಲಿನ ಕೆರೆಗಳು ಮತ್ತು ಹೊಳೆ. ಒಂದು ಹೆಜ್ಜಾರ್ಲೆಗೆ ದಿನಕ್ಕೆ ಕಿಲೋ ಹತ್ತಿರ ಮೀನು ಬೇಕು, ಮರಿಯ ಪಾಲು ಬೇರೆ. ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ, ಶಿಂಷಾ ಹೊಳೆ, ಹೀಗೆ ತಾಲ್ಲೂಕನ್ನೆಲ್ಲ ಸುತ್ತಿ ಸಂಸಾರ ನಡೆಸಬೇಕು. ಆದ್ದರಿಂದ ಬೆಳ್ಳೂರಿನ ಹಕ್ಕಿಗೆ ಆಗುವ ಒಳ್ಳೆಯದು ಕೆಟ್ಟದು ಬೆಳ್ಳೂರಿನವರೊಬ್ಬರ ಕೈಯಲ್ಲಿಲ್ಲ. ಕೆರೆ ಒತ್ತುವರಿ ಮಾಡಿದವನು, ಚರಂಡಿಯನ್ನು ಕೆರೆಗೆ ತಿರುಗಿಸಿದವನು, ಕೋಳಿ ಅಂಗಡಿಯ ಕಸವನ್ನು ಏರಿಯ ಕೆಳಗೆ ಸುರಿದವನು ಯಾವ ಹೋಬಳಿಯವನಾದರೂ ಪಾಲುದಾರನೇ.

ಇದಕ್ಕೆ ಸಾಕ್ಷಿ ದೂರ ಹುಡುಕಬೇಕಾಗಿಲ್ಲ. 2017ರ ಡಿಸೆಂಬರಿನಿಂದ 2018ರವರೆಗೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಐವತ್ತಕ್ಕೂ ಹೆಚ್ಚು. ಮರಿಯಲ್ಲ, ದೊಡ್ಡ ಹಕ್ಕಿಗಳು. ಹಕ್ಕಿಜ್ವರವೋ ಎಂದು ಊರೆಲ್ಲ ಗಾಬರಿ. ಹೊಟ್ಟೆ ಬಗೆದು ಪರೀಕ್ಷೆ ಮಾಡಿದಾಗ ಕಂಡದ್ದು ಜಂತುಹುಳುಗಳ ಹಾವಳಿ. ಈ ಹುಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಮೀನು ಬರುವುದು ಕೆರೆಯಿಂದ. ಕೆರೆಯ ನೀರು ಯಾರದ್ದು ಎಂಬ ಪ್ರಶ್ನೆ ಅಲ್ಲಿಗೆ ಬಂದು ನಿಲ್ಲುತ್ತದೆ.

ಹೋದ ಹಕ್ಕಿ ಮತ್ತೆ ಬಂದೀತೆಂಬ ಭರವಸೆಯೂ ಇಲ್ಲ. ಬರ್ಮಾ ದೇಶದ ಸಿಟ್ಟಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಇದೇ ಹೆಜ್ಜಾರ್ಲೆಗಳು ಎಣಿಸಲಾಗದಷ್ಟು ಸಂಖ್ಯೆಯಲ್ಲಿ ಗೂಡು ಕಟ್ಟಿದ್ದನ್ನು ಓಟ್ಸ್ ಎಂಬ ಇಂಗ್ಲಿಷ್ ಪಕ್ಷಿತಜ್ಞ ಕಂಡು ಬರೆದಿದ್ದಾರೆ. ಮುಂದೆ ಅರವತ್ತು ಎಪ್ಪತ್ತು ವರ್ಷದೊಳಗೆ ಆ ನೆಲೆಯೇ ಇಲ್ಲವಾಯಿತು. ಅಷ್ಟು ದೂರವೇಕೆ, ಆಂಧ್ರದ ಕೊಲ್ಲೇರು ಸರೋವರದ ಹತ್ತಿರ ಆರೇಡು ಎಂಬಲ್ಲಿ 1946ರಲ್ಲಿ ಪಕ್ಷಿತಜ್ಞ ಕೆ.ಕೆ. ನೀಲಕಂಠನ್ ಗುರುತಿಸಿದ ದೊಡ್ಡ ಹೆಜ್ಜಾರ್ಲೆ ನೆಲೆ 1970ರ ದಶಕದ ನಡುಭಾಗದ ಹೊತ್ತಿಗೆ ಬರಿದಾಗಿತ್ತು. ಇಂದು ಈ ಹಕ್ಕಿ ಜಗತ್ತಿನಲ್ಲಿ ಮರಿ ಮಾಡುವುದು ಭಾರತ, ಶ್ರೀಲಂಕಾ, ಕಾಂಬೋಡಿಯಾ ಮುಂತಾದ ಕೆಲವೇ ಕಡೆ. ಆ ಕೆಲವರಲ್ಲಿ ಮದ್ದೂರು ತಾಲ್ಲೂಕೂ ಒಂದು ಎಂಬುದು ಸಣ್ಣ ಮಾತಲ್ಲ.

ಹಾಗಾದರೆ ಮಾಡುವುದೇನು?

ಹೋಗಬೇಡಿ ಎಂದು ಯಾರೂ ಹೇಳುತ್ತಿಲ್ಲ. ಹೋಗಲೇಬೇಕು. ಆದರೆ ಹೋಗುವ ರೀತಿ ಒಂದುಂಟು. ಅದು ಮೃಗಾಲಯವಲ್ಲ, ಜನರ ಮನೆ. ಹಿತ್ತಲಿಗೆ ಕಾಲಿಡುವ ಮುಂಚೆ ‘ಅಮ್ಮಾ, ನೋಡ್ಬೋದಾ?’ ಎಂದು ಕೇಳಿದರೆ ಗಂಟೇನೂ ಹೋಗುವುದಿಲ್ಲ. ಹಕ್ಕಿ ಹಾರಲಿ ಎಂದು ಚಪ್ಪಾಳೆ ತಟ್ಟುವುದು, ಕಲ್ಲು ಬೀಸುವುದು, ಕಾರಿನ ಹಾರನ್ನು ಒತ್ತುವುದು ಬೇಡ. ಗಾಬರಿಯಿಂದ ದೊಡ್ಡ ಹಕ್ಕಿ ಎದ್ದರೆ ಮೊಟ್ಟೆ ಉರುಳುತ್ತದೆ, ಮರಿ ಬೀಳುತ್ತದೆ. ಬಿದ್ದ ಮರಿ ಕಂಡರೆ ಅದರ ಜೊತೆ ಫೋಟೋ ತೆಗೆಸಿಕೊಳ್ಳುವ ಬದಲು ಊರಿನವರಿಗೆ ತಿಳಿಸಬೇಕು. ತಂದ ಪ್ಲಾಸ್ಟಿಕ್ಕು ತಂದವರ ಜೊತೆಯೇ ವಾಪಸು ಹೋಗಬೇಕು. ಮತ್ತು ಮುಖ್ಯವಾದದ್ದು: ಟೀ, ಎಳನೀರು, ಕಡಲೆಕಾಯಿ, ಏನೇ ಆಗಲಿ, ಆ ಊರಿನ ಅಂಗಡಿಯಲ್ಲೇ ಕೊಂಡರೆ ಹಕ್ಕಿಯ ಹೆಸರಿನಲ್ಲಿ ಊರಿಗೆ ನಾಲ್ಕು ಕಾಸು ಸೇರಿದಂತೆ.

ಇಲಾಖೆಯವರಿಗೂ ಒಂದು ಮಾತು. ಮರದ ಪರಿಹಾರ ಆಯಾ ವರ್ಷದ ಹುಣಸೆಯ ಸಂತೆ ದರಕ್ಕೆ ಹೊಂದಿಕೊಳ್ಳಬೇಕು. ಹುಣಸೆ ಬಡಿಯುವ ಕಾಲದಲ್ಲೇ ಹಣ ಕೈಗೆ ಬಂದರೆ ಯಜಮಾನನಿಗೆ ಅದು ದಾನವೆನಿಸುವುದಿಲ್ಲ, ಫಸಲೆನಿಸುತ್ತದೆ. ಹಳೆಯ ಮರ ಬಿದ್ದ ಮೇಲೆ ಸಸಿ ನೆಟ್ಟು ಫಲವಿಲ್ಲ. ಹೆಜ್ಜಾರ್ಲೆಯ ಭಾರ ಹೊರುವ ಹುಣಸೆಯಾಗಲು ಒಂದು ತಲೆಮಾರು ಬೇಕು. ಇಂದು ನೆಟ್ಟ ಸಸಿ ಮೊಮ್ಮಕ್ಕಳ ಕಾಲದ ಗೂಡಿಗೆ. ಗೋಮಾಳ, ಕೆರೆ ಅಂಗಳ, ಹೊಳೆ ದಂಡೆಗಳಲ್ಲಿ ಆ ಕೆಲಸ ನಡೆದರೆ ಹಿತ್ತಲ ಮರಗಳ ಹೊರೆ ಮುಂದಾದರೂ ಇಳಿದೀತು. ಕಾನೂನಿನಲ್ಲಿ ಬರೆದಿರುವ ಆ ಐವರ ಮಾತಿಗೆ ನಿಜವಾದ ತೂಕ ಇರಬೇಕು. ಹೆಬ್ಬೆಟ್ಟಿಗೆ ಕರೆಯುವ ಸಮಿತಿಯಾದರೆ ಅದರಿಂದ ಹಕ್ಕಿಗೂ ಉಪಯೋಗವಿಲ್ಲ, ಊರಿಗೂ ಇಲ್ಲ.

ಇನ್ನು ಆತಗೂರು, ಕೊಪ್ಪ, ಚಿಕ್ಕರಸಿನಕೆರೆ, ಮದ್ದೂರು ಕಸಬ, ನಾಲ್ಕೂ ಹೋಬಳಿಯ ಪಂಚಾಯ್ತಿಗಳು ತಮ್ಮ ತಮ್ಮ ಕೆರೆಗೆ ಕೊಳಕು ಬೀಳದಂತೆ ನೋಡಿಕೊಂಡರೆ ಅದಕ್ಕಿಂತ ದೊಡ್ಡ ಪಕ್ಷಿ ಸಂರಕ್ಷಣೆ ಇನ್ನೊಂದಿಲ್ಲ. ಆ ನೀರನ್ನು ಹಕ್ಕಿಯೊಂದೇ ಕುಡಿಯುವುದಿಲ್ಲ, ದನವೂ ಕುಡಿಯುತ್ತದೆ, ಬೋರಿಗೂ ಇಳಿಯುತ್ತದೆ.

ಬರುವ ಸುಗ್ಗಿಗೆ ಜಗುಲಿಯ ಮೇಲೆ ‘ಕಾಡ್ ನೋಡಕ್ ಹೋಗದಾ’ ಎಂಬ ಮಾತು ಮತ್ತೆ ಏಳುತ್ತದೆ. ಆಗ ಯಾರಾದರೂ ಒಬ್ಬರು ‘ನಮ್ ತಾಲ್ಲೂಕ್ನಲ್ಲೇ ಒಂದ್ ಊರ್ ಅದೆ, ಮದ್ಲು ಅದ್ನ ನೋಡುವ’ ಎಂದರೆ ಸಾಕು. ವ್ಯಾನಿನ ಬಾಡಿಗೆ ಉಳಿಯುತ್ತದೆ, ಮಕ್ಕಳ ನಿದ್ದೆಯೂ ಉಳಿಯುತ್ತದೆ.

ಹೆಜ್ಜಾರ್ಲೆ ತನ್ನ ಕಾಲಕ್ಕೆ ತಾನು ಬಂದೇ ಬರುತ್ತದೆ. ಅದು ಬಂದು ಇಳಿಯುವ ಹೊತ್ತಿಗೆ ಹಿತ್ತಲಲ್ಲಿ ಮರ ನಿಂತಿರಬೇಕು, ಅಷ್ಟೆ.